ಕಪಾಟಿನ ಮೇಲಿನ ಚೆಂಡೆ

ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದ ಮೊಮ್ಮಗಳು ಅಶ್ಮಿತಾಳಿಗೆ,

ಇಲ್ಲೇ ಗಲ್ಫಿನ ರಿಗ್ಗೈಯಿಂದ ಅಜ್ಜಿ ರತ್ನಾವತಿ ಬರೆಯುವುದು. ನಿನಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕಾಗಿ ಈ ಪತ್ರವನ್ನು ಅಜ್ಜನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರೇ ಓದಿ ಹೇಳಲಿ. ನಡುವೆ ಕೆಮ್ಮಿ ಕೆಲವು ಸಾಲು ಹಾರಿಸಲು ನೋಡುತ್ತಾರೆ. ಬಿಡಬೇಡ, ಮತ್ತೆ ಓದಿಸು.

ಶುಕ್ರವಾರ ನೀನು ಕಾರು ತಂದು ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿದಾಗ ಕಿಟಕಿಯಿಂದ ನೋಡಿದೆ. ನಿನ್ನದೇ ಸಂಬಳದಲ್ಲಿ ಕೊಂಡ ಕಾರು. ನನಗೆ ಹೆಮ್ಮೆಯಾಯಿತು. ಬಾಯಿ ಬಿಟ್ಟು ಹೇಳಲಿಲ್ಲ, ನನಗೆ ಆ ಅಭ್ಯಾಸವಿಲ್ಲ. ನೀನು, ಅಜ್ಜನನ್ನೂ ಅವರ ಚೆಂಡೆಯನ್ನೂ ಅಬ್ಬಾಸಿಯಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಲ್ಲಿ ಯಕ್ಷಗಾನ ಕಲಿಯುವ ನಮ್ಮವರ ಮಕ್ಕಳಿಗೆ ಆ ಚೆಂಡೆ ಕೊಡಬೇಕೆಂದು ಅಜ್ಜನಿಗೆ ಬಹಳ ದಿನದ ಆಸೆ. ನಾನು ಕೇಳಿದ್ದು ಒಂದೇ ಮಾತು, ಕಾರಿಗೆ ಯಾವ ಇನ್ಶೂರೆನ್ಸ್ ಎಂದು. ನೀನು ಥರ್ಡ್ ಪಾರ್ಟಿ ಎಂದೆ. ಹಾಗಾದರೆ ಅಜ್ಜ ಆ ಕಾರು ಹತ್ತುವುದಿಲ್ಲ ಎಂದೆ ನಾನು.

"ಅಜ್ಜಿ, ಐ ಡ್ರೈವ್ ಸೇಫ್. ಬೇರೆಯವರ ಮಿಸ್ಟೇಕಿಗೆ ನಾನ್ಯಾಕೆ ಪೇ ಮಾಡ್ಬೇಕು?" ಎಂದು ಕೇಳಿದೆ. ನಿನ್ನ ಅಪ್ಪ ಶೈಲೇಶ, "ಅಮ್ಮನದ್ದು ಗಲ್ಫಿನಲ್ಲಿ ಬೇರೆಯೇ ಒಂದು ಸರ್ಕಾರ ಉಂಟು ಮಾರಾಯ್ತಿ" ಎಂದು ನಗಾಡಿದ. ನೀನು ಮೀನಿನ ಸಾರು ಹಾಗೆಯೇ ಬಿಟ್ಟು ಮೈದಾನ್ ಹವಲ್ಲಿಯ ಮನೆಗೆ ಹೊರಟೇ ಹೋದೆ. ಅಜ್ಜ ಚೆಂಡೆಗೆ ಮತ್ತೆ ಬಟ್ಟೆ ಸುತ್ತಿದರು.

ನಿನ್ನ ಪ್ರಶ್ನೆ ಸರಿಯಾದದ್ದೇ. ಒಂದು ಕಾಲದಲ್ಲಿ ಅಜ್ಜನೂ ಇದೇ ಮಾತು ಹೇಳುತ್ತಿದ್ದರು. ಅವರ ಕಾರಿಗೂ ಥರ್ಡ್ ಪಾರ್ಟಿ ಮಾತ್ರ ಇತ್ತು.

ಆಗ ನೀನಿನ್ನೂ ಪ್ರೈಮರಿ ಶಾಲೆ. ಕೆಲಸ ಮುಗಿಸಿ ಬರುವಾಗ ಸಿಗ್ನಲಿನಲ್ಲಿ ನಿಂತ ಅಜ್ಜನ ಕಾರಿಗೆ ಹಿಂದಿನಿಂದ ಒಂದು ವ್ಯಾನ್ ಬಂದು ಬಡಿಯಿತು. ಕಾರಿನ ಹಿಂಭಾಗ ಒಳಗೆ ಹೋಯಿತು. ಅಜ್ಜ ಸಿಟ್ಟಿನಲ್ಲಿ ಇಳಿದರಂತೆ. ವ್ಯಾನಿನವನು ಹೆದರಿ ಅಳುತ್ತಾ ದೇವರನ್ನು ಕರೆದದ್ದು ತುಳುವಿನಲ್ಲಿ. ಅಷ್ಟೇ ಸಾಕಾಯಿತು. ನಡು ರಸ್ತೆಯಲ್ಲಿ ಇಬ್ಬರೂ ಊರು ಯಾವುದು, ಮನೆ ಯಾವುದು ಎಂದು ವಿಚಾರಿಸಿಕೊಂಡರು. ಅವನ ಹೆಸರು ತಿಲಕ್. ಅವನ ಮಾವನ ಮನೆ ನಮ್ಮ ಪಕ್ಕದ ಗ್ರಾಮದಲ್ಲೇ ಎಂದು ಗೊತ್ತಾಯಿತು. ಪೊಲೀಸರನ್ನು ಕರೆಯದೆ ಅಜ್ಜ ಅವನ ಬೆನ್ನು ತಟ್ಟಿ ಕಳಿಸಿ ಬಂದರು. ಮನೆಗೆ ಬಂದು ನನಗೆ, "ಪಾಪ, ನಮ್ಮವ ಮಾರಾಯ್ತಿ. ರಿಪೋರ್ಟ್ ಆದ್ರೆ ವೀಸಾ ಕೊಟ್ಟ ಕಫೀಲ್ ಅವನನ್ನು ಊರಿಗೆ ಕಳಿಸ್ತಾನೆ" ಎಂದರು.

ಇಲ್ಲಿ ಕೆಮ್ಮಿರಬೇಕು. ನೀರು ಕೊಡು.

ಮರುದಿನ ತಿಲಕ್ ಒಂದು ಅಂಜಲ್ ಮೀನು ಹಿಡಿದು ಬಾಗಿಲಲ್ಲಿ ನಿಂತಿದ್ದ. ವ್ಯಾನಿನ ಇನ್ಶೂರೆನ್ಸ್ ಮುಗಿದಿತ್ತು, ಕಂಪನಿಯವರು ಕಟ್ಟಿರಲಿಲ್ಲ. "ಖಲಾಸ್ ಅಣ್ಣ, ನನ್ನ ಕೈಯಲ್ಲಿ ಏನೂ ಇಲ್ಲ" ಎಂದ. ನಾನು ಆ ಮೀನನ್ನೇ ಸಾರು ಮಾಡಿ ಅವನಿಗೆ ಬಡಿಸಿದೆ. ಮಾತಾಡಲಿಲ್ಲ.

ರಿಪೋರ್ಟ್ ಇದ್ದಿದ್ದರೂ ಅವನ ಕಡೆಯಿಂದ ಬರಲು ವಿಮೆಯೇ ಇರಲಿಲ್ಲ. ನಮ್ಮ ಕಡೆಯದ್ದು, ನಾವು ಯಾರಿಗಾದರೂ ಗುದ್ದಿದರೆ ಅವರಿಗೆ ಕೊಡುವ ವಿಮೆ. ನಮಗೆ ಗುದ್ದಿದವನು ಬರಿಗೈಯವನಾದರೆ ಅದರಿಂದ ನಮಗೆ ಏನೂ ಇಲ್ಲ. ನೋವು ಆಮೇಲೆ ಬಂತು. ಅಜ್ಜನ ಎಡ ಹೆಗಲು ಮೇಲೇಳದಾಯಿತು. ಆಪರೇಷನ್ನಿಗೆಂದು ತೆಗೆದಿಟ್ಟ ಹಣ ಇನ್ನೊಂದು ಕಾರಿಗೆ ಹೋಯಿತು, ಕಾರಿಲ್ಲದೆ ಅವರ ಕೆಲಸ ನಡೆಯುತ್ತಿರಲಿಲ್ಲ. ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎನ್ನುತ್ತಾ ಹೆಗಲು ಹಾಗೆಯೇ ಗಟ್ಟಿಯಾಯಿತು. ವಯಸ್ಸಾಯಿತೆಂದು ಅಜ್ಜ ಚೆಂಡೆ ಬಿಟ್ಟರು ಎಂದು ನೀನು ತಿಳಿದಿದ್ದೀಯ. ನಿನಗೆ ಹಾಗೆ ಹೇಳಿದವರೂ ಅವರೇ. ಹೆಗಲಿಗೆ ಏರಿಸಲು ಆಗದೆ ಬಿಟ್ಟದ್ದು.

ಅವರು ತಪ್ಪು ಮಾಡಿದರೆಂದು ನಾನು ಇಷ್ಟು ವರ್ಷ ಒಳಗೊಳಗೇ ಕುದಿದಿದ್ದೇನೆ. ಈಗ ಪಾತ್ರೆ ತೊಳೆಯುವಾಗ ಯೋಚಿಸಿದರೆ, ಅಳುವವನನ್ನು ಬಿಟ್ಟು ಕಳಿಸಿದ್ದರಲ್ಲಿ ತಪ್ಪಿಲ್ಲ ಅನ್ನಿಸುತ್ತದೆ. ಅಂಥ ಮನಸ್ಸು ಇದ್ದುದಕ್ಕೇ ನಾನು ಈ ಪರದೇಶದಲ್ಲಿ ಇವರ ಜೊತೆ ಬಾಳಿದೆ. ಆದರೆ ಆ ದಯೆಯ ಖರ್ಚನ್ನು ಅವರ ಹೆಗಲೊಂದೇ ಹೊರಬೇಕಾಯಿತು. ಫುಲ್ ಇನ್ಶೂರೆನ್ಸ್ ಇದ್ದು, ರಿಪೋರ್ಟ್ ಆಗಿದ್ದರೆ, ಕಾರಿನ ಖರ್ಚಾದರೂ ನಮ್ಮ ವಿಮೆಯಿಂದಲೇ ಬರುತ್ತಿತ್ತು, ತಿಲಕನನ್ನು ಅಂಗಲಾಚಿಸುವುದೂ ಬೇಕಿರಲಿಲ್ಲ. ನೀನು ಕಟ್ಟುವುದು ಬೇರೆಯವರ ತಪ್ಪಿಗಲ್ಲ ಮಗಳೇ. ಇನ್ನೊಬ್ಬನ ಜೇಬು ನೋಡಿ ನಿನ್ನ ಮೈ ವಾಸಿಯಾಗುವ ಸ್ಥಿತಿ ಬಾರದಿರಲಿ ಎಂದು.

ಆದ್ದರಿಂದ ನಾಳೆಯೇ ಇನ್ಶೂರೆನ್ಸಿನವರ ಬಳಿ ಹೋಗು. ಗುದ್ದಿದವನ ಬಳಿ ವಿಮೆ ಇಲ್ಲದಿದ್ದರೆ, ಇದ್ದರೂ ಸಾಲದಿದ್ದರೆ, ನನಗೇನು ಸಿಗುತ್ತದೆ ಎಂದು ನೇರವಾಗಿ ಕೇಳು. ಕಾರಿಗೆ ಮಾತ್ರವೋ, ಒಳಗೆ ಕೂತವರ ಮೈಗೂ ಉಂಟೋ ಎಂದು ಕೇಳು. ನಕ್ಕರೆ ನಗಲಿ. ಮತ್ತೊಂದು ಮಾತು. ಯಾರಾದರೂ ಗುದ್ದಿದರೆ, ಅವನು ಎಷ್ಟೇ ಚಂದದ ತುಳು ಮಾತಾಡಿದರೂ ಮೊದಲು ಪೊಲೀಸರಿಗೆ ಫೋನ್ ಮಾಡು. ಊರು ಯಾವುದೆಂದು ಆಮೇಲೆ ಕೇಳು. ಬೇಕಾದರೆ ಮನೆಗೂ ಕರೆದುಕೊಂಡು ಬಾ, ನಾನು ಬಡಿಸುತ್ತೇನೆ. ಈ ಸಲ ಮಾತೂ ಆಡುತ್ತೇನೆ.

ಮಾಡಿಸಿ ಆದ ಮೇಲೆ ಬಾ. ಚೆಂಡೆಯನ್ನು ಕಪಾಟಿನಿಂದ ಇಳಿಸಿ ಬಾಗಿಲ ಬಳಿ ಇಟ್ಟಿದ್ದೇನೆ. ಅಜ್ಜನಿಂದ ಎತ್ತಲು ಆಗದು. ಹಿಂದಿನ ಸೀಟಿನಲ್ಲಿ ಅದನ್ನು ಮಡಿಲಲ್ಲಿ ಹಿಡಿದು ನಾನು ಕೂರುತ್ತೇನೆ.

ದಾರಿಯುದ್ದಕ್ಕೂ ನಿನಗೆ ಒಳ್ಳೆಯ ಜನರೇ ಎದುರಾಗಲಿ. ಆಗದಿದ್ದರೂ ನೀನು ಕ್ಷೇಮವಾಗಿ ಮನೆ ಮುಟ್ಟು.

ನೀನು ಮನೆ ಸೇರಿದೆ ಎಂದು ಫೋನ್ ಬರುವ ತನಕ ಮಲಗದ ನಿನ್ನ ಅಜ್ಜಿ,
ರತ್ನಾವತಿ