ಮಾಬ್ಲನ ಪೆಟ್ಟಿಗೆಗೆ ಜೋಡಿ ಸ್ಪೀಕರು

ಶ್ರೀ ಧಾರೇಶ್ವರ ಕಾಯಲಿ

ಕಾಸರಕೋಡು, ಹೊನ್ನಾವರ
ತಾ. 10-10-1983, ಸೋಮವಾರ

ಪ್ರೀತಿಯ ಮಗ ಮಾಬ್ಲಾ,

ನಿನ್ನ ಆಯಿ ಇಲ್ಲಿಂದಲೇ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿ. ಮೈಯಲ್ಲಿ ಹುಷಾರಿದ್ದೀಯಾ? ಮಳೆಗಾಲದ ಕಾರ್ಡಿನಲ್ಲಿ ಕೆಮ್ಮು ಎಂದು ಬರೆದಿದ್ದೆ, ಅದು ಬಿಟ್ಟಿತೋ ಇಲ್ಲವೋ ಮುಂದಿನದರಲ್ಲಿ ಬರೆಯಲೇ ಇಲ್ಲ. ಬೊಂಬಾಯಿ ಧಕ್ಕೆಯಲ್ಲಿ ಲಾಂಚಿನ ಇಂಜಿನ್ನು ಬಿಚ್ಚುವ ಕೆಲಸ ನಿನ್ನದು, ಆ ಹೊಗೆಗೆ ಎದೆ ಒಣಗದೆ ಇರುತ್ತದೆಯೇ? ಕಾಳುಮೆಣಸು ಕುಟ್ಟಿ ಬಿಸಿನೀರಿಗೆ ಹಾಕಿ ಕುಡಿ. ರೂಮಿನಲ್ಲಿ ಕಾಳುಮೆಣಸು ಇಲ್ಲ ಎನ್ನಬೇಡ, ನಾನೇ ಸೀರೆಯ ತುಂಡಿನಲ್ಲಿ ಕಟ್ಟಿ ಕಳಿಸಿದ್ದೆ. ಇಲ್ಲಿ ನಾವು ದೇವರ ದಯೆಯಿಂದ ಇದ್ದೇವೆ. ನಿನ್ನ ಅಕ್ಕ ಕಮಲಿ ಚವತಿಗೆಂದು ಹಿರೇಗುತ್ತಿಯಿಂದ ಬಂದವಳು ನವರಾತ್ರಿಗೂ ಇಲ್ಲೇ ಇದ್ದಾಳೆ. ಅವಳ ಮಗ ಗೋಡೆ ಹಿಡಿದು ನಡೆಯುತ್ತಾನೆ. ನಿನ್ನ ಗಿಟಾರು ತೂಗುಹಾಕಿದ ಮೊಳೆಯ ಕೆಳಗೆ ಬಂದ ಕೂಡಲೇ ನಡೆಯುವುದು ಬಿಟ್ಟು ಮೇಲೆ ನೋಡುತ್ತಾ ನಿಲ್ಲುತ್ತಾನೆ, ಅಳಿಯ ಮಾವನ ಹಾಗೆಯೇ. ನಿನ್ನ ಅಪ್ಪನಿಗೆ ಮೊಣಕಾಲು ನೋವು. ಹೇಳಿದರೆ ಕೇಳುವುದಿಲ್ಲ, ದೋಣಿಗೆ ಹೋಗುವುದು ಬಿಟ್ಟಿಲ್ಲ. ಇವತ್ತು ಸೋಮವಾರ, ನನಗೆ ಒಪ್ಪೊತ್ತು. ಅಡುಗೆಯ ಗಡಿಬಿಡಿ ಇಲ್ಲ, ಅದಕ್ಕೇ ಉದ್ದಕ್ಕೆ ಬರೆಯಲು ಕೂತಿದ್ದೇನೆ.

ನಿನ್ನ ಕಾರ್ಡು ಚವತಿ ಕಳೆದ ಮೇಲೆ ಬಂತು. ದೀಪಾವಳಿಗೆ ರಜೆ ಇದೆ, ನನ್ನ ಗಿಟಾರಿನ ಪೆಟ್ಟಿಗೆ ಹಾಡುತ್ತದೆ ಎಂದಾದರೆ ಬರುತ್ತೇನೆ, ಅಪ್ಪ ಅದನ್ನು ಇಷ್ಟರಲ್ಲಿ ಹೊಳೆಗೆ ಎಸೆದಿದ್ದರೆ ಒಂದು ಸಾಲು ಬರಿ, ಬಸ್ಸಿನ ಟಿಕೆಟು ತೆಗೆಸುವುದಿಲ್ಲ, ಎಂದು ಬರೆದಿದ್ದೀ. ಅಪ್ಪನಿಗೆ ಓದು ಬಾರದು, ಬಂದ ಕಾರ್ಡನ್ನೂ ಹೋಗುವ ಕಾಗದವನ್ನೂ ನಾನೇ ಓದಿ ಹೇಳಬೇಕು, ನಿನಗೆ ಗೊತ್ತಿದ್ದದ್ದೇ. ಎಸೆಯುವ ಮಾತನ್ನು ಹಾರಿಸಿ ಓದಿದೆ. ಹಾರಿಸಿದ್ದು ಅವರಿಗೆ ತಿಳಿಯಿತು. “ಮಧ್ಯ ಎಂತ ಬಿಟ್ಟೆ?” ಎಂದರು. ಓದಲೇಬೇಕಾಯಿತು. ಅವರು ಬಲೆ ನೂಲನ್ನು ಬೆರಳಿಗೆ ಸುತ್ತುತ್ತಾ ಕೂತರು. ಕಮಲಿ ಸುಮ್ಮನಿರುವವಳಲ್ಲ, “ಆಯೀ, ತಮ್ಮ ಬರೂದು ಪೆಟ್ಟಿಗೆ ನೋಡುಕಾ, ನಿನ್ನ ನೋಡುಕಾ?” ಎಂದು ಕೆಣಕಿದಳು. ಯಾವುದಕ್ಕಾದರೂ ಬರಲಿ, ಬಾಗಿಲಿಗೆ ಬಂದ ಮೇಲೆ ನಾನೂ ಅಲ್ಲೇ ಇರುತ್ತೇನಲ್ಲ ಎಂದೆ.

ಆ ದಿನದ ಮಾತು ಎತ್ತಬಾರದೆಂದುಕೊಂಡಿದ್ದೆ. ಆದರೂ ಕೈ ಅತ್ತಲೇ ಹೋಗುತ್ತದೆ. ಹೊನ್ನಾವರದ ಆರ್ಕೆಸ್ಟ್ರಾ ಮುಗಿಸಿ ಬಂದು ನೀನು ಮಲಗಿಬಿಟ್ಟೆ, ದೋಣಿಗೆ ಒಂದಾಳು ಕಡಿಮೆಯಾಯಿತು, ಬಲೆ ಬಂಡೆಗೆ ಸಿಕ್ಕಿ ಹರಿಯಿತು. “ಈ ಮನೆಲಿ ಆ ಪೆಟ್ಟಿಗೆ ಇರ್ಬೇಕು, ಇಲ್ಲ ನಾ ಇರ್ಬೇಕು” ಎಂದರು ಅಪ್ಪ. ಪೆಟ್ಟಿಗೆಯೂ ಉಳಿಯಿತು, ಅವರೂ ಉಳಿದರು, ನೀನು ಹೋದೆ. ಕಾಗದ ಓದಿ ಹೇಳುವಾಗ ಈ ಸಾಲನ್ನೂ ಓದುತ್ತೇನೆ, ಕೇಳಲಿ.

ಕಾರ್ಡು ಬಂದ ಮರುದಿನವೇ ಪೆಟ್ಟಿಗೆಯ ಮೇಲಿನ ಹೊದಿಕೆ ತೆಗೆದೆ. ನೀನು ಮಾಡುತ್ತಿದ್ದುದನ್ನು ನೋಡಿದ್ದೆನಲ್ಲ, ಹಾಗೆಯೇ ಗಿಟಾರಿನ ವಯರು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ಕೈಮುಗಿದು ತಂತಿ ಎಳೆದರೆ ನೆನೆದ ಗೋಣಿಚೀಲಕ್ಕೆ ಹೊಡೆದ ಹಾಗೆ ಒಂದು ಶಬ್ದ, ಅದರ ಹಿಂದೆ ಗೊರಗೊರ. ಒಳಗಿನ ಎರಡೂ ಸ್ಪೀಕರು ಹಾಳಾಗಿವೆ, ಮಗಾ. ಮಳೆಗಾಲದ ತೇವಕ್ಕೆ ಹಾಳಾದವು. ತೇವ ಎಂದೇ ಬರೆ ಎಂದು ನಿನ್ನ ಅಪ್ಪನೂ ಹೇಳಿದ್ದಾರೆ. ಹೊಳೆಗಂತೂ ಯಾರೂ ಎಸೆದಿಲ್ಲ.

ಕುಮಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ತ್ರ್ಯಂಬಕ ಭಟ್ಟರ ಹತ್ತಿರ ಒಯ್ಯುವುದೆಂದಾಯಿತು. ಆ ಭಾರದ ಪೆಟ್ಟಿಗೆಯನ್ನು ಮನೆಯಿಂದ ಬಸ್ಸಿನವರೆಗೆ ಹೆಗಲ ಮೇಲೆ ಹೊತ್ತು ತಂದದ್ದು ನಿನ್ನ ಅಪ್ಪ, ಆ ಮೊಣಕಾಲಿನಲ್ಲಿ. ಕಂಡಕ್ಟರು ಬಸ್ಸಿನ ಮೇಲೆ ಹಾಕಿ ಎಂದದ್ದಕ್ಕೆ “ಮೇಲೆ ಬ್ಯಾಡ ಅಣ್ಣಾ, ಒಳಗೇ ಇಡು, ಕುಲುಕ್ತದೆ” ಎಂದು ತಾವೇ ಸೀಟಿನ ಕೆಳಗೆ ತಳ್ಳಿದರು. ಇಟ್ಟು ಅಲ್ಲೇ ಇಳಿದುಕೊಂಡರು, ಜೊತೆಗೆ ಬರಲಿಲ್ಲ. ನಾನು ಗಿಟಾರಿಗೆ ನನ್ನ ಹಳೆಯ ಕೆಂಪು ಸೀರೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಿನಾ ನನ್ನ ಮೀನುಬುಟ್ಟಿಯ ಜೊತೆ ಜಗಳವಾಡುವ ಅದೇ ಕಂಡಕ್ಟರು, “ಗಂಗಕ್ಕಾ, ಸೀರೆ ಉಡ್ಸಿ ಕೂರಿಸ್ಕಂಡಿದ್ಯಲ್ಲ, ಇದೆಂತ, ಸೊಸೆಯಾ?” ಎಂದ. ಬಸ್ಸೆಲ್ಲಾ ನಕ್ಕಿತು. “ಸೊಸೆ ತರುವನ್ನ ಕರ್ಸುಕೆ ಹೊಂಟದ್ದು” ಎಂದೆ. ಟಿಕೆಟು ಒಂದೇ ಕೊಟ್ಟ, ಪಾಪ. ಧಾರೇಶ್ವರ ಬಂದಾಗ ಕೂತಲ್ಲಿಂದಲೇ ಕೈಮುಗಿದು, ನನ್ನ ಮಗನ ದನಿ ನನಗೆ ಗುರುತು ಹಿಡಿಯುವ ಹಾಗೆ ಮಾಡು ಎಂದು ಬೇಡಿಕೊಂಡೆ.

ಭಟ್ಟರು ಹಿಂದಿನ ಹಲಗೆ ಬಿಚ್ಚಿದವರೇ ಮೂಗಿಗೆ ಪಂಚೆಯ ಚುಂಗು ಹಿಡಿದರು. “ಗಂಗಮ್ಮಾ, ಇದು ಗಿಟಾರಿನ ಪೆಟ್ಟಿಗೆಯೋ, ತಾರ್ಲೆ ಮೀನಿನ ಬುಟ್ಟಿಯೋ?” ಮೀನು ಹಿಡಿಯುವವರ ಮನೆಯಲ್ಲಿ ದೇವರಗೂಡಿಗೂ ಅದೇ ಗಾಳಿ, ನೀವು ಮೂಗು ಬಿಟ್ಟು ಕಿವಿಯಿಂದ ಕೆಲಸ ಮಾಡಿ ಎಂದೆ. ನಕ್ಕರು. ಒಳ್ಳೆಯ ಮನುಷ್ಯ, ನನಗೆ ತಿಳಿಯುವ ಹಾಗೆ ಹೇಳಿದರು: ಸ್ಪೀಕರು ಎಂದರೆ ಹಿಂದೆ ಒಂದು ಅಯಸ್ಕಾಂತ, ಮುಂದೆ ಬಟ್ಟಲಿನ ಹಾಗೆ ಒಂದು ಕಾಗದ, ಆ ಕಾಗದ ಹಗುರಾಗಿ ನಡುಗಿದರೆ ದನಿ. ನಿನ್ನ ಪೆಟ್ಟಿಗೆಯ ಕಾಗದಗಳು ನೆನೆದ ಹಪ್ಪಳದ ಹಾಗೆ ಜೋತುಬಿದ್ದಿದ್ದವು. ರಿಪೇರಿ ಇಲ್ಲ, ಬದಲಿಸಬೇಕು, ಅದೂ ಎರಡನ್ನೂ ಒಟ್ಟಿಗೆ. ಒಂದು ಜಾತಿಯದಕ್ಕೆ ಇನ್ನೊಂದು ಜಾತಿಯದನ್ನು ಕೂರಿಸಿದರೆ ಒಂದು ಕೂಗುತ್ತದೆ, ಒಂದು ಬಾಯಿ ಮುಚ್ಚಿಕೊಂಡಿರುತ್ತದೆ ಎಂದರು. ಅಂಥ ಜೋಡಿ ನಮ್ಮ ಮನೆಯಲ್ಲಿ ಮೊದಲೇ ಇತ್ತು ಎಂದುಕೊಂಡೆ.

ಮೊದಲು ಹೊಸ ಸ್ಪೀಕರಿನ ಜೋಡಿ ತೋರಿಸಿದರು. ಮದುವೆ, ಸಭೆಗಳ ಮೈಕಿನವರು ಹಾಕಿಸುವಂಥದು. ದಪ್ಪ ಕಾಗದ, ಎಷ್ಟು ಜೋರು ಮಾಡಿದರೂ ಹರಿಯುವುದಿಲ್ಲ, ಹತ್ತು ವರ್ಷ ಚಿಂತೆಯಿಲ್ಲ. ವಯರು ಕೂಡಿಸಿ, “ಬಾರ್ಸುವವರು ಯಾರು?” ಎಂದರು. ನಾನೇ ಎಂದೆ. ಅಂಗಡಿಗೆ ಬಂದಿದ್ದವರು ತಿರುಗಿ ನೋಡಿದರು, ನೋಡಲಿ. ಚೀಲದಿಂದ ನಮ್ಮ ಗಂಜಿ ಪಾತ್ರೆಯ ಮುಚ್ಚಳ ತೆಗೆದು ಪೆಟ್ಟಿಗೆಯ ಮೇಲಿಟ್ಟೆ. ನಿನಗೆ ನೆನಪುಂಟೋ ಇಲ್ಲವೋ. ಬಾರಿಸಲು ಕೂರುವ ಮೊದಲು ನೀನು ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಎಳೆದು ಕಿವಿಗೊಟ್ಟು ಕೇಳುತ್ತಿದ್ದೆ. ಆಗ ಒಲೆಯ ಪಕ್ಕದ ಗಂಜಿ ಪಾತ್ರೆಯ ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ನಾನು ಅಂಗೈ ಇಟ್ಟು ನಿಲ್ಲಿಸುತ್ತಿದ್ದೆ, ಅಂಗೈಯಲ್ಲಿ ಇನ್ನೂ ಸ್ವಲ್ಪ ಹೊತ್ತು ಜುಮುಜುಮು ಉಳಿಯುತ್ತಿತ್ತು. ಮಗ ಮನೆಯಲ್ಲಿದ್ದಾನೆ ಎಂಬುದು ನನಗೆ ಹಾಗೆ ತಿಳಿಯುತ್ತಿತ್ತು. ಮೂರು ವರ್ಷದಿಂದ ಆ ಮುಚ್ಚಳ ಸತ್ತ ಹಾಗೆ ಬಿದ್ದಿದೆ. ಗಂಜಿ ಕುದಿದಾಗ ಏಳುತ್ತದೆ, ಅದು ಬೇರೆ.

ಹೊಸ ಸ್ಪೀಕರಿಗೆ ದಪ್ಪ ತಂತಿ ಎಳೆದೆ. ದೊಡ್ಡ ದನಿ, ಸ್ಪಷ್ಟ ದನಿ, ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿದ ಹಾಗೆ. ಮುಚ್ಚಳ ಮಿಸುಕಲಿಲ್ಲ. “ಇದು ಅವಂದಲ್ಲ” ಎಂದೆ. ಭಟ್ಟರಿಗೆ ಸ್ವಲ್ಪ ಸಿಟ್ಟು ಬಂತು. ಆದರೂ ಒಂದು ಚೀಟಿ ಬರೆದು ಕೊಟ್ಟರು: ಭಟ್ಕಳದಲ್ಲಿ ದುಬೈ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ, ಸ್ಪೀಕರಿನ ಬೆನ್ನಿನ ಮೇಲೆ ಎಂಟು ಎಂಬ ಅಂಕಿ ಇರಬೇಕು, ನಾಲ್ಕು ಇದ್ದರೆ ಮುಟ್ಟಬೇಡಿ, ಪೆಟ್ಟಿಗೆಯೇ ಸುಟ್ಟೀತು. ಅಗಲಕ್ಕೆ ನಾನು ಬಲೆ ನೂಲಿನಲ್ಲಿ ಎರಡು ಗಂಟು ಹಾಕಿ ಅಳತೆ ತೆಗೆದುಕೊಂಡೆ. ಪೆಟ್ಟಿಗೆಯನ್ನೂ ಗಿಟಾರನ್ನೂ ಅವರಲ್ಲೇ ಬಿಟ್ಟು ಬಂದೆ.

ಕಮಲಿಯನ್ನು ಕರೆದುಕೊಂಡು ಭಟ್ಕಳಕ್ಕೂ ಹೋದೆ. ಅತ್ತರು, ಗಡಿಯಾರ, ಟೇಪ್‌ರೆಕಾರ್ಡರು ಎಲ್ಲ ಒಟ್ಟಿಗೆ ಇಟ್ಟ ಅಂಗಡಿ. ವಯಸ್ಸಾದ ಸಾಹೇಬರೊಬ್ಬರು ಒಂದು ಜೋಡಿ ತೆಗೆದಿಟ್ಟರು, ನಡುವೆ ಬೆಳ್ಳಿಯ ಬೊಟ್ಟಿನ ಹಾಗೆ ಹೊಳೆಯುವಂಥದು. ನೂಲಿನ ಗಂಟಿಗೆ ಗಂಟು ಸರಿಹೋಯಿತು. ಕಮಲಿ ಆಗಲೇ “ಇದೇ ಆತು, ಇದೇ ಆತು” ಎಂದು ಕುಣಿದಳು. ಮಗುಚಿ ನೋಡಿದರೆ ಬೆನ್ನಿಗೆ ನಾಲ್ಕು. ನಾನು ಚೀಟಿ ತೋರಿಸಿದೆ. ಸಾಹೇಬರು ಕನ್ನಡಕ ಹಾಕಿ ಓದಿ, ತಾವೇ ಅದನ್ನು ಡಬ್ಬಿಯೊಳಗೆ ಇಟ್ಟುಬಿಟ್ಟರು. “ಇದು ಕಾರಿಗೆ ಹಾಕೂದು ಅಮ್ಮಾ. ಮಗ ಬಂದು ಬಾರಿಸ್ವಾಗ ಸುಟ್ಟರೆ ನನ್ನ ಹೆಸರು ಹೇಳ್ತ್ರಿ” ಎಂದರು. ಮಗ ಎಲ್ಲಿದ್ದಾನೆ ಎಂದು ಕೇಳಿದರು. ಹೇಳಿದೆ. ಅವರ ಇಬ್ಬರು ಮಕ್ಕಳೂ ದುಬೈಯಲ್ಲಿ, ಈ ಸಾಮಾನೆಲ್ಲ ಅವರೇ ಕಳಿಸುವುದಂತೆ. “ಸಾಮಾನು ಬತ್ತದೆ” ಎಂದರು, ಅಷ್ಟೇ. ನಮಗಿಬ್ಬರಿಗೂ ಲಿಂಬು ಶರಬತ್ತು ತರಿಸಿದರು.

ಬರಿಗೈಯಲ್ಲಿ ಬಂದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿದೆ, ನಿನಗೆ ಏನೆಂದು ಬರೆಯುವುದು? ಹೊಸದನ್ನೇ ಹಾಕಿಸಿ, ಹಾಡುತ್ತದೆ ಬಾ ಎಂದು ಬರೆದುಬಿಡಲೇ ಎಂದೂ ಯೋಚಿಸಿದೆ. ಬಂದು ಕೇಳಿ ನೀನು ಮುಖ ಇಳಿಸಿದರೆ? ಅದನ್ನು ನೋಡುವುದು ನನ್ನಿಂದಾಗದು. ಅಷ್ಟರಲ್ಲಿ ಭಟ್ಟರೇ ಕುಮಟೆಯಿಂದ ಬರುವ ಅದೇ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದರು, ಮುಚ್ಚಳ ತೆಗೆದುಕೊಂಡು ಬನ್ನಿ ಎಂದು.

ಅವರು ಎಲ್ಲಿಂದ ಹುಡುಕಿ ತಂದಿದ್ದರು ಹೇಳು? ನನ್ನ ತವರು ಮಿರ್ಜಾನದಲ್ಲಿ ಗದ್ದೆ ಕೊಯ್ಲಾದ ಮೇಲೆ ಟೆಂಟು ಸಿನಿಮಾ ಬರುತ್ತಿತ್ತಲ್ಲ. ಅದು ಮುಚ್ಚಿಹೋಗಿ ಸಾಮಾನೆಲ್ಲ ಯಾರದೋ ಅಟ್ಟದ ಮೇಲಿತ್ತಂತೆ. ಅದರ ಜೋಡಿ ಸ್ಪೀಕರು, ಬೆನ್ನಿಗೆ ಎಂಟು, ತೆಳು ಕಾಗದ, ಹಳೆಯ ಪಂಚಾಂಗದ ಬಣ್ಣ. ನಾನು ಸಿನಿಮಾ ನೋಡುವವಳಲ್ಲ, ಆದರೆ ನಿನಗೆ ಐದು ವರ್ಷವಿದ್ದಾಗ ದೇವರ ಸಿನಿಮಾ ಎಂದು ಒಮ್ಮೆ ಹೋಗಿದ್ದೆವು. ಗುಡುಗು ಬಂದಾಗ ನೀನು ಹೆದರಿ ನನ್ನ ಸೆರಗಿನೊಳಗೆ ನುಗ್ಗಿದ್ದೆ. ಆ ಗುಡುಗು ಬಂದದ್ದು ಈ ಕಾಗದದಿಂದಲೇ, ಮಾಬ್ಲಾ. ಮುಚ್ಚಳ ಇಟ್ಟೆ. ದಪ್ಪ ತಂತಿ ಎಳೆದೆ. ಮುಚ್ಚಳ ನಡುಗಿತು. ನಡುಗುತ್ತಾ ಒಂದು ಬೆರಳಿನಷ್ಟು ಜರುಗಿತು. ನಾನು ಅಭ್ಯಾಸಬಲದಿಂದ ಅಂಗೈ ಇಟ್ಟು ನಿಲ್ಲಿಸಿದೆ, ಇಟ್ಟ ಕೈ ತೆಗೆಯಲು ಮನಸ್ಸಾಗಲಿಲ್ಲ. ಭಟ್ಟರು ಎದ್ದು ಹೊರಗೆ ಹೋಗಿ ನಿಂತರು.

ಆಮೇಲೆ ಬಂದು ಎಚ್ಚರಿಕೆ ಹೇಳಿದರು. “ಹಳೆ ಕಾಗದ, ಗಂಗಮ್ಮಾ. ಜೋರು ಮಾಡಿದ್ರೆ ಒಂದೇ ದಿನಕ್ಕೆ ಹರೀತದೆ. ಹೊಸದು ಗಟ್ಟಿ. ಬುದ್ಧಿ ಇದ್ದವರು ಹೊಸದು ಒಯ್ತ್ರು.” ನಾನು ಹಳೆಯದನ್ನೇ ಕೂರಿಸಿ ಎಂದೆ. ಆದ್ದರಿಂದ ಕೇಳಿಕೋ: ದನಿಯ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬೇಡ. ಆರ್ಕೆಸ್ಟ್ರಾಕ್ಕೆ ಸಾಲದು, ಗೊತ್ತು. ಮನೆಗೆ ಸಾಕು. ಆರ್ಕೆಸ್ಟ್ರಾಕ್ಕೆ ಬೇಕೆಂದರೆ ಗಟ್ಟಿಯದನ್ನು ನೀನೇ ಬಂದು ಆರಿಸು.

ಪೆಟ್ಟಿಗೆ ಈಗ ಮಣೆಯ ಮೇಲೆ ಇದೆ, ನೆಲದ ತಂಪು ತಾಗುವುದಿಲ್ಲ. ಹಾಡುತ್ತದೆ. ನೀನು ಕೇಳಿದ್ದ ಒಂದು ಸಾಲು ಇದೇ. ಟಿಕೆಟು ತೆಗೆಸು. ಬರುವಾಗ ನನಗೇನೂ ತರಬೇಡ, ಅಪ್ಪನ ಮೊಣಕಾಲಿಗೆ ಹಚ್ಚುವ ಮುಲಾಮು ಸಿಕ್ಕರೆ ತಾ. ಹೊತ್ತಿಗೆ ಉಣ್ಣು. ಹೋಗುವ ದಾರಿ ಬರುವ ದಾರಿ ಎರಡರಲ್ಲೂ ಧಾರೇಶ್ವರ ನಿನ್ನ ಬೆನ್ನಿಗಿರಲಿ. ಕಮಲಿಯ ನೆನಪುಗಳು, ಅವಳ ಮಗನ ಎಂಜಲು ಕೈಯ ಗುರುತು ಈ ಕಾಗದದ ಮೂಲೆಯಲ್ಲಿ ಇದೆ ನೋಡು.

ನಿನ್ನ ದಾರಿ ನೋಡುವ
ಆಯಿ, ಗಂಗೆ

ತಾ.ಕ.: ಇಲ್ಲಿಯವರೆಗೆ ಅಪ್ಪನಿಗೆ ಓದಿ ಹೇಳಿಯಾಯಿತು. ಕೇಳಿ, ಎದ್ದು ದಡಕ್ಕೆ ಹೋದರು. ಅವರು ಬರುವುದರೊಳಗೆ ಬೇಗ ಬೇಗ ಇದನ್ನು ಬರೆಯುತ್ತೇನೆ. ಸ್ಪೀಕರು ಹಾಳಾದದ್ದು ತೇವಕ್ಕಲ್ಲ. ಆಷಾಢದಲ್ಲಿ ಆ ಕಾಗದಕ್ಕೆ ಬೂಸಲು ಬಂದದ್ದು ನೋಡಿ, ಮಗಂದು ಕೊಳೀತದೆ ಎಂದು, ದೋಣಿಗೆ ಹಚ್ಚುವ ತಾರ್ಲೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಅವರೇ ಹಚ್ಚಿದರು, ಕೂಸಿನ ಮೈಗೆ ಹಚ್ಚುವಷ್ಟು ಮೆಲ್ಲಗೆ. ನಾನು ಪಕ್ಕದಲ್ಲೇ ಇದ್ದೆ, ಮರ ಉಳಿಸುವ ಎಣ್ಣೆ ಕಾಗದವನ್ನೂ ಉಳಿಸೀತು ಎಂದುಕೊಂಡೆ. ಹಾಳಾಯಿತೆಂದು ತಿಳಿದ ದಿನದಿಂದ, ಬೇಕೆಂದೇ ಮಾಡಿದರು ಎಂದು ನೀನು ತಿಳಿಯುತ್ತೀಯೆಂದು ಹೆದರಿದ್ದಾರೆ. ನಿನಗೆ ಗೊತ್ತು, ಪ್ರತಿ ವರ್ಷ ಮೊದಲ ಕೈ ಎಣ್ಣೆ ದೋಣಿಯ ಮೂತಿಗೆ, ಹೂವಿಟ್ಟು ಕೈಮುಗಿದು. ಈ ವರ್ಷ ಮೊದಲ ಕೈ ನಿನ್ನ ಪೆಟ್ಟಿಗೆಗೆ ಹೋಯಿತು, ದೋಣಿಗೆ ಆಮೇಲೆ. ಬಂದವನು ಎಣ್ಣೆಯ ಮಾತು ಎತ್ತಬೇಡ. ಅವರು ಜಗಲಿಯಲ್ಲಿ ಕೂತಿರುವಾಗ ಆ ದಪ್ಪ ತಂತಿಯನ್ನು ಒಮ್ಮೆ ಎಳೆ, ಸಾಕು.