ನಾಲ್ಕು ಬೆರಳು ಎತ್ತರದ ಸೀಟು

ಗಿಡ್ಡಣ್ಣನಿಗೆ,

ದಿನಾ ಸಂಜೆ ಬಂದು ಮಂಚದ ಪಕ್ಕ ಕೂರುವವನು ಕಾಗದ ಯಾಕೆ ಬರೆದ ಎಂದು ನಗಬೇಡ. ಎಂಟು ದಿನದಿಂದ ಒಂದು ಮಾತು ಹೇಳಬೇಕೆಂದೇ ಬರುತ್ತಿದ್ದೇನೆ. ನೀನು 'ಊಟ ಆಯ್ತೇನೋ?' ಎನ್ನುತ್ತೀಯ, ಅತ್ತಿಗೆ ಚಹಾ ತರುತ್ತಾರೆ, ನಿನ್ನ ಬಲಗಾಲು ಇರಬೇಕಾದ ಕಡೆ ಹೊದಿಕೆ ಚಪ್ಪಟೆಯಾಗಿ ಬಿದ್ದಿರುತ್ತದೆ. ನಾನು ಗೋಡೆ ನೋಡಿಕೊಂಡು ಚಹಾ ಕುಡಿದು ಎದ್ದು ಬರುತ್ತೇನೆ.

ನಿನ್ನ ಹಳೇ ಲಾರಿಗೆ ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಉದ್ದ ಸೀಟು. ಹದಿನೆಂಟು ವರ್ಷ ನೀನು ಕೂತು ಕೂತು ಸ್ಟೇರಿಂಗ್ ಕಡೆಯ ಭಾಗ ಬಾಣಲೆಯಂತೆ ತಗ್ಗಾಗಿತ್ತು. ರೆಕ್ಸಿನ್ ಹರಿದು ಸ್ಪ್ರಿಂಗ್ ತೊಡೆಗೆ ಚುಚ್ಚುತ್ತಿತ್ತು. 'ನಿಮ್ಮಣ್ಣ ನಿಂತ್ಕೊಂಡೇ ಊಟ ಮಾಡ್ತಾರೆ, ಬೆನ್ನುನೋವಿಗೆ ಕೂರೋಕೇ ಆಗಲ್ಲವಂತೆ' ಎಂದು ಅತ್ತಿಗೆ ಹೇಳಿದ ದಿನವೇ ನಾನು ಸೀಟು ಬಿಚ್ಚಿ ಅಂಗಡಿಗೆ ತಂದೆ. ಊರವರ ಸೋಫಾಗಳನ್ನೆಲ್ಲ ಹೊಲಿಯುವವನ ಅಣ್ಣ ಹರಿದ ಸೀಟಿನ ಮೇಲೆ ಕೂತಿದ್ದಾನೆಂಬ ನಾಚಿಕೆಯೂ ಇತ್ತು.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುರಿದ ಸ್ಪ್ರಿಂಗ್ ತೆಗೆದು ಹೊಸದು ಕಟ್ಟಿದೆ. ಕೆಳಗೆ ದಪ್ಪ ಹಲಗೆ ಕೊಟ್ಟೆ, ಕುಸಿದಿದ್ದ ಮುಂದಿನ ಅಂಚಿಗೆ ಮರದ ಪಟ್ಟಿ ಹೊಡೆದು ಎತ್ತಿದೆ. ಮೇಲೆ ಗಟ್ಟಿ ಫೋಮ್, ನೀಲಿ ರೆಕ್ಸಿನ್, ಎರಡೆರಡು ಹೊಲಿಗೆ. ನೀನು ಕೂರುವ ಜಾಗ ಮೊದಲಿಗಿಂತ ನಾಲ್ಕು ಬೆರಳು ಎತ್ತರವಾಯಿತು. ಆನೆ ಕೂತರೂ ಕುಸಿಯದು ಎಂದು ಬೀಗಿದೆ. ಆದರೆ ಹೊಲಿಗೆ ಹಾಕುವ ಮುಂಚೆ ನಿನ್ನನ್ನು ಕೂರಿಸಿ, ಕಾಲು ಚಾಚಿಸಿ ನೋಡಲಿಲ್ಲ. ಒಂದು ಕುರ್ಚಿ ಮಾಡಿಸಲು ಬಂದ ಮುದುಕಿಯನ್ನೂ ಕೂರಿಸಿ ಅಳತೆ ತೆಗೆಯುವವನು ನಾನು. ಒಡಹುಟ್ಟಿದವನ ಅಳತೆ ನನಗೆ ಗೊತ್ತಿಲ್ಲವೇ ಅಂದುಕೊಂಡೆ.

ವಾರ ಬಿಟ್ಟು ನೀನು ಅಂಗಡಿಗೆ ಬಂದೆ. 'ಸಿಂಹಾಸನ ಮಾಡಿಬಿಟ್ಟಿದ್ದೀಯ ಕಣೋ, ಬೆನ್ನುನೋವು ಮಾಯ. ಆದ್ರೆ ಬ್ರೇಕಿಗೆ ಕಾಲು ಪೂರ್ತಿ ಸಿಗ್ತಾ ಇಲ್ಲ, ತುದಿಬೆರಳಲ್ಲಿ ಒತ್ತಬೇಕು. ಒಂಚೂರು ತಗ್ಗಿಸ್ತೀಯಾ?' ಎಂದು ಕೇಳಿದವನು ನೀನು. ನಾಲ್ಕು ಜನ ಗಿರಾಕಿಗಳಿದ್ದರು. ಅವರೆದುರು ನನ್ನ ಕೆಲಸಕ್ಕೆ ಕೊಂಕೇ ಎಂದು ನನಗೆ ಉರಿಯಿತು. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಲು ಗಿಡ್ಡ ಇದ್ರೆ ಸೀಟೇನು ಮಾಡುತ್ತೆ?' ಎಂದುಬಿಟ್ಟೆ ನಾನು. ಎಲ್ಲರೂ ನಕ್ಕರು. ನೀನೂ ನಕ್ಕೆ. ಹೊರಡುವಾಗ ಮೂಲೆಯಲ್ಲಿ ಉಳಿದಿದ್ದ ಮರದ ಪಟ್ಟಿಯ ತುಂಡೊಂದನ್ನು ಎತ್ತಿಕೊಂಡು, 'ಇದು ಬೇಕೇನೋ? ಮನೆ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ, ಅಡ್ಡ ಇಡ್ತೀನಿ' ಎಂದು ಕೇಳಿದೆ. ತಗೊಂಡು ಹೋಗು ಎಂದು ತಲೆಯೆತ್ತದೆ ಹೇಳಿದೆ ನಾನು.

ಆಮೇಲೆ ಇಳಿಜಾರಿನ ತಿರುವಿನಲ್ಲಿ ಲಾರಿ ಗೋಡೆಗೆ ಗುದ್ದಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ನೀನು 'ಬ್ರೇಕ್ ಹೋಯ್ತು' ಅಂದೆಯಂತೆ. ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಾ ಬಂದೆ. ನನಗಂತೂ ಕೈ ಹಿಡಿದುಕೊಂಡು, 'ನಿನ್ನ ಸೀಟು ಇಲ್ದೇ ಇದ್ದಿದ್ರೆ ಬೆನ್ನೂ ಮುರೀತಿತ್ತು ಕಣೋ. ನೀನೇ ಉಳಿಸಿದ್ದು' ಅಂದೆಯಲ್ಲ, ನಾನು ಮೂರ್ಖ, ನಂಬಿ ಒಳಗೊಳಗೇ ಹಿಗ್ಗಿದೆ.

ಎಂಟು ದಿನದ ಹಿಂದೆ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಲಾರಿ ಬಿಚ್ಚಿ ನೋಡಿ, 'ಬ್ರೇಕ್ ಗಟ್ಟಿಮುಟ್ಟಾಗೇ ಇದೆಯಲ್ಲ, ಹೋಯ್ತು ಅಂದವರು ಯಾರು?' ಎಂದು ಕೇಳಿದರು. ನಾನು ಕ್ಯಾಬಿನ್ನಿಗೆ ಹತ್ತಿ ಬಗ್ಗಿ ನೋಡಿದೆ. ಬ್ರೇಕ್ ಪೆಡಲಿನ ಅಡಿಯಲ್ಲಿ ಒಂದು ಮರದ ತುಂಡು ಓರೆಯಾಗಿ ಸಿಕ್ಕಿಕೊಂಡಿತ್ತು. ಕಾಲು ಜಾರದಿರಲೆಂದು ನೀನು ಅದಕ್ಕೆ ನೀಲಿ ರೆಕ್ಸಿನ್ ಚೂರು ಹೊಡೆದಿದ್ದೆ. ಅದನ್ನು ಪೆಡಲಿನ ಮೇಲೆ ಬಿಗಿದು ಕಟ್ಟಿದ್ದ ಟ್ಯೂಬಿನ ರಬ್ಬರು ಹರಿದಿತ್ತು. ತುಂಡು ಜಾರಿ ಅಡಿಗೆ ಹೋದ ಮೇಲೆ ಪೆಡಲು ಕೆಳಗಿಳಿಯುವುದಾದರೂ ಹೇಗೆ? ಆ ತುಂಡಿನ ಒಂದು ಬದಿಯಲ್ಲಿ ನನ್ನದೇ ಪೆನ್ಸಿಲ್ ಗುರುತು, ಬಾಗಿಲಿಗೆಂದು ನೀನು ಒಯ್ದಿದ್ದ ತುಂಡೇ ಅದು. ಅಳೆದು ನೋಡಿದೆ. ಸರಿಯಾಗಿ ನಾಲ್ಕು ಬೆರಳು ದಪ್ಪ.

ಅಣ್ಣಾ, ನನ್ನ ಹತ್ತಿರ ಎರಡನೇ ಸಲ ಕೇಳುವ ಬದಲು ಇದನ್ನು ಕಟ್ಟಿಕೊಂಡೆಯಾ? ನೆಲ ಡೊಂಕಾಗಿಯೇ ಇತ್ತು. ಡೊಂಕು ಮಾಡಿದವನು ನಾನೇ. ತಗ್ಗಿಸುವುದು ಅರ್ಧ ದಿನದ ಕೆಲಸವಾಗಿತ್ತು. ಸೀಟು ಬಿಚ್ಚಿ ತಂದಿದ್ದೇನೆ, ಈಗ ನನ್ನ ಮುಂದೆಯೇ ಇದೆ. ಅಷ್ಟು ಜೋರಾಗಿ ಗುದ್ದಿದರೂ ಒಂದು ಹೊಲಿಗೆ ಬಿಟ್ಟಿಲ್ಲ. ಸೂಜಿ ಹಿಡಿಯಲು ಕೈ ಏಳುತ್ತಿಲ್ಲ. ಅಂಗಡಿಗೆ ಬೀಗ ಹಾಕಿದ್ದೇನೆ, ಮತ್ತೆ ತೆಗೆಯುತ್ತೇನೆ ಎಂದು ಅನಿಸುವುದಿಲ್ಲ. ನೀನು ನನ್ನನ್ನು ಆಗಲೇ ಕ್ಷಮಿಸಿ ಮಲಗಿದ್ದೀಯ. ಅದನ್ನೇ ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಈ ಕಾಗದದ ಜೊತೆ ಆ ತುಂಡನ್ನೂ ನಿನ್ನ ದಿಂಬಿನ ಪಕ್ಕ ಇಟ್ಟು ಬರುತ್ತೇನೆ. ನಾಳೆ ನಾನು ಬಂದಾಗ ಊಟ ಆಯ್ತಾ ಎಂದು ಕೇಳಬೇಡ. ಬ್ರೇಕಿನ ಮಾತಂತೂ ಎತ್ತಲೇಬೇಡ. ಕಾಲಿಗೆ ಬಿದ್ದು ಆಶೀರ್ವಾದ ಕೇಳುವ ಮುಖ ನನಗಿಲ್ಲ. ಒಂದೇ ಒಂದು ಸಲ, ಒಳಗಿರುವ ಅತ್ತಿಗೆಗೂ ಕೇಳಿಸುವ ಹಾಗೆ, ನನ್ನನ್ನು ಬೈದುಬಿಡು.

ನಿನ್ನ ಅಳತೆ ತಿಳಿಯದ
ತಮ್ಮ