ಒಂದೇ ಹೆಸರಿನ ಕರಪತ್ರ

ನವೆಂಬರ್ 4, 2024. ಶಹಾಪುರ

ಎಂಟು ಹತ್ತರ ಬಸ್ಸು ತಪ್ಪಿತು. ಹತ್ತಿಯ ಲಾರಿಗಳು ರಸ್ತೆಗೆ ಅಡ್ಡ. ಸುರಪುರದ ಕಾಲೇಜು ಮುಟ್ಟುವಾಗ ಮೊದಲ ಪಿರಿಯಡ್ ಅರ್ಧ ಮುಗಿದಿತ್ತು. ಪಾಠ— ಹಳೆಯ ರಾಜಕೀಯ ಬರಹಗಳನ್ನು ಓದುವುದು ಹೇಗೆ. ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದೆ. ಬರಹ ಏನು ಹೇಳುತ್ತದೆ? ಅದನ್ನು ಬರೆಯುವ ಮೂಲಕ, ಬರೆದವರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು?

ಮೌನೇಶ್ವರಿ ಎದ್ದಳು. "ಮೇಡಂ, ಇದರಾಗ ಯಾವ್ದು ಪರೀಕ್ಷಾಕ್ಕ ಬರ್ತದ್ರಿ?" ಎಲ್ಲರೂ ನಕ್ಕರು. ನಾನೂ.

ಸಂಜೆ ಜರ್ನಲ್ ಬಂತು. ನನ್ನ ಲೇಖನ ಅಚ್ಚಾಗಿದೆ! ಪಿಎಚ್.ಡಿ.ಯ ಮೂರನೇ ಅಧ್ಯಾಯ. ನಮ್ಮೂರ ಬಾವಿ ಹೋರಾಟದ ಕರಪತ್ರ, 1978. ಅವ್ವನ ಟ್ರಂಕಿನಲ್ಲಿ ಸಿಕ್ಕಿದ್ದು. ಬರೆದವರು ಮರಿಲಿಂಗ— ನನ್ನ ಸೋದರಮಾವ. ಹಾಗಂತ ಲೇಖನದಲ್ಲಿ ಹೇಳಿಲ್ಲ. ಸಂಶೋಧನೆಯಲ್ಲಿ ಮಾವ ಇರುವುದಿಲ್ಲ.

ನವೆಂಬರ್ 6

ಮಾವನಿಗೆ ಒಂದು ಪ್ರತಿ ಕೊಟ್ಟು ಬಂದೆ. ಎರಡು ಓಣಿ ಆಚೆ ಮನೆ. ಕರೆಮ್ಮ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಏನ್ ಬರದಿ ನಿಮ್ಮ ಮಾವನ ಮ್ಯಾಲ?"

"ಬಾವಿ ಸುದ್ದಿ, ಅತ್ತಿ."

ಬಡಿಯುವ ಕೈ ನಿಂತಿತು. ಮತ್ತೆ ಶುರುವಾಯಿತು.

ನೆಟ್ಟಗೆ ಒಮ್ಮೆ ಬರೆದುಕೊಳ್ಳುತ್ತೇನೆ. ಊರ ಬಾವಿಯ ನೀರು ಸೇದಲು ಬಿಡುವವರೆಗೆ ಹೊಲಕ್ಕೆ ಕಾಲಿಡುವುದಿಲ್ಲ ಎಂದು ನಮ್ಮ ಕೇರಿಯವರು ಕೆಲಸ ಬಿಟ್ಟಿದ್ದರು. ಇಪ್ಪತ್ತೆರಡನೇ ದಿನ ಈ ಕರಪತ್ರ ಬಂತು. "ಬಾವಿಯ ಮಾತನ್ನು ಇಲ್ಲಿಗೆ ಬಿಡತಕ್ಕದ್ದು. ಹಟ ಹಿಡಿದದ್ದು ನಮ್ಮದೇ ತಪ್ಪು. ನಾಳೆಯಿಂದ ಎಲ್ಲರೂ ಕೆಲಸಕ್ಕೆ ಹೋಗತಕ್ಕದ್ದು." ಹೋರಾಟ ಮುರಿದು ಬಿತ್ತು. ಮೊದಲಿನ ಕರಪತ್ರಗಳಲ್ಲಿ ಐದು ಹೆಸರು. ಇದರಲ್ಲಿ ಒಂದೇ. ನಾನು ಬರೆದದ್ದು: "ಸಂಘಟನೆಯ ಬೆನ್ನ ಹಿಂದೆ ನಾಯಕನೊಬ್ಬ ಒಂಟಿಯಾಗಿ ಶರಣಾದ ದಾಖಲೆ."

ಅದರ ಮುಂದಿನ ಬೇಸಿಗೆಯಲ್ಲಿ ಮಾವನ ಮೂರು ವರ್ಷದ ಮಗಳು ಕೆರೆ ನೀರು ಕುಡಿದು ವಾಂತಿಭೇದಿಯಲ್ಲಿ ಹೋದಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಅದು ಲೇಖನದಲ್ಲಿ ಇಲ್ಲ.

ನವೆಂಬರ್ 19

ಹದಿಮೂರು ದಿನ. ಮಾವನ ಫೋನಿಲ್ಲ. ದಿನಾ ಮಾಡುತ್ತಿದ್ದವರು. ಇವತ್ತು ಪೋಸ್ಟ್ ಆಫೀಸಿನ ಹತ್ತಿರ ಸಿಕ್ಕರು.

"ಓದೀನಿ. ಭಾಷಾ ಛಲೋ ಅದ."

ಸೈಕಲ್ ತಳ್ಳಿಕೊಂಡು ಹೋದರು. ಹತ್ತಲಿಲ್ಲ.

ಡಿಸೆಂಬರ್ 1, ಯಾದಗಿರಿ

ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರಿತ್ತು. ಹುಡುಕಿಕೊಂಡು ಬಂದೆ. ಈಗ ಅಲ್ಲಿ ಝೆರಾಕ್ಸ್ ಅಂಗಡಿ. ಆಗ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಸನಸಾಬರು ಹಿಂದಿನ ಗಲ್ಲಿಯಲ್ಲಿ ಸಿಕ್ಕರು. ಎಂಬತ್ತು ದಾಟಿದೆ. ಕಣ್ಣಿಗೆ ಪೊರೆ. ನೆನಪಿಗೆ ಪೊರೆಯಿಲ್ಲ.

"ಐದೂ ಹೆಸರು ಜೋಡಿಸಿದ್ದೆ, ಬೇಟಿ. ಮರಿಲಿಂಗ ಬಂದು ಬಾಜೂಕ ನಿಂತ. ಉಳದ ನಾಕೂ ಮಂದಿ ಠಾಣೆದಾಗ ಇದ್ರು. ನಿಮ್ಮಪ್ಪ ಅಂಬ್ರಪ್ಪನೂ ಅಲ್ಲೇ. ಇಂಥಾ ಕಾಗದ ಹಂಚಿದ್ರ ಅವರನ್ನ ಬಿಡ್ತೀವಿ ಅಂತ ಪೊಲೀಸ್ರು ಅಂದಿದ್ರಂತ. 'ಅವರ ಹೆಸರು ತಗಿ ಹಸನಣ್ಣ, ಬೈಸಿಗೊಳ್ಳಾಕ ನಾ ಒಬ್ಬ ಸಾಕು' ಅಂದ. ಒಂದೊಂದೇ ಮೊಳೆ ಆರಿಸಿ ತಗದೆ."

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಅಪ್ಪ ನನಗೆ ಒಂಬತ್ತು ತುಂಬುವಷ್ಟರಲ್ಲಿ ತೀರಿಕೊಂಡ. ಅವನನ್ನು ಕೇಳುವ ಮಾತೇ ಇರಲಿಲ್ಲ. ಆದರೆ ಮಾವ ಎರಡೇ ಓಣಿ ಆಚೆ ಇದ್ದರು. ಸಂಶೋಧನೆಯ ಆರು ವರ್ಷ ಅವರನ್ನು ಒಮ್ಮೆಯೂ ಕೇಳಲಿಲ್ಲ. ಕ್ಲಾಸಿನಲ್ಲಿ ಆ ಎರಡನೇ ಪ್ರಶ್ನೆಯನ್ನು ಪ್ರತಿ ವರ್ಷ ಬರೆಸುತ್ತೇನೆ.

ಡಿಸೆಂಬರ್ 2

ಹೋದೆ. ಎಲ್ಲ ಹೇಳಿದೆ. ಮಾವ ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

"ಹಸನಣ್ಣ ಖರೇನ ಹೇಳ್ಯಾನ. ಅರ್ಧ."

"ಉಳದ ಅರ್ಧ, ಮಾವ?"

"ಮರುದಿನ ನನ್ನ ಒಯ್ಯಾಕ ಬರೋರಿದ್ರು. ಠಾಣೆದಾಗ ನಿಮ್ಮಪ್ಪನ ಬೆನ್ನ ಮ್ಯಾಲಿನ ಬಾಸುಂಡಿ ನೋಡಿದ್ದೆ. ಹೆದರಿದ್ದೆ, ಸಂಘೂ. ಅವರನ್ನ ಬಿಡಸಾಕ ಬರದ್ನೋ, ನಾ ಉಳಿಯಾಕ ಬರದ್ನೋ... ನಲವತ್ತಾರು ವರ್ಷ ಆತು, ನನಗ ಇನ್ನೂ ಗೊತ್ತಾಗಿಲ್ಲ. ನೀ ಒಂದ ಲೇಖನದಾಗ ಹೇಳಿಬಿಟ್ಟಿ."

ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ತಿದ್ದಿ ಬರೀತೀನಿ."

"ಬರಿ. ಆದ್ರ ನನ್ನ ದೊಡ್ಡಾವನ್ನ ಮಾಡಬ್ಯಾಡ. ಅದೂ ಸುಳ್ಳ ಆಗ್ತದ."

ಡಿಸೆಂಬರ್ 11

ಗೈಡ್ ಫೋನ್ ಮಾಡಿದ್ದರು, ಕಲಬುರಗಿಯಿಂದ. ಬರೆದವರು ಅರ್ಧ ಶತಮಾನದ ನಂತರ ಹೇಳುವುದು ಸಾಕ್ಷ್ಯವಲ್ಲ, ಅದು ಇನ್ನೊಂದು ಪಠ್ಯ ಮಾತ್ರ ಅಂದರು. ಸಂಬಂಧಿಕರೆಂದು ಮೆತ್ತಗಾಗಬೇಡಿ, ಮೊದಲಿನ ವಾದವೇ ಗಟ್ಟಿ. ಶಾಸ್ತ್ರದ ಪ್ರಕಾರ ಸರಿ. ಒಂದು ಸಾಲೂ ಬರೆಯಲಾಗುತ್ತಿಲ್ಲ.

ಡಿಸೆಂಬರ್ 23

ಮಾವ ಹೋದರು. ಐದು ದಿನವಾಯಿತು. ಬೆಳಗಿನ ಚಹಾ ಕುಡಿದು ಅಂಗಳದ ಬಿಸಿಲಿಗೆ ಕೂತವರು ಏಳಲಿಲ್ಲ. ನಾನು ಸುರಪುರದಲ್ಲಿ, ಇಂಟರ್ನಲ್ ಪರೀಕ್ಷೆಯ ಹಾಲ್‌ನಲ್ಲಿ. ಫೋನ್ ಸೈಲೆಂಟ್.

ತಿದ್ದಿದ ಪ್ರತಿಯನ್ನು ಅವರಿಗೆ ತೋರಿಸಲಾಗಲಿಲ್ಲ ಎಂದು ಎಲ್ಲರ ಮುಂದೆ ಅತ್ತುಬಿಟ್ಟೆ. ತಿದ್ದಿರಲೇ ಇಲ್ಲ.

ಜನವರಿ 5, 2025. ಮಧ್ಯಾಹ್ನ

ಅತ್ತೆ ತಾವೇ ನಡೆದು ಬಂದರು. ಕೂತರು. ನೀರು ಬೇಡ ಅಂದರು.

"ಆ ಕಾಗದ ಅದ ಏನ್ ನಿನ್ನ ಹತ್ರ?"

"ಅದ, ಅತ್ತಿ."

"ಓದು. ನಾ ಒಮ್ಮಿನೂ ಕೇಳಿಲ್ಲ."

ಅತ್ತೆಗೆ ಅಕ್ಷರ ಬರುವುದಿಲ್ಲ. ಗಂಡ ಕೆಲಸಕ್ಕೆ ಹೋಗಿರಿ ಅಂತ ಬರೆದಿದ್ದಾನೆ— ಕೇರಿಯವರು ಅವರಿಗೆ ಹೇಳಿದ್ದು ಅಷ್ಟೇ.

ಓದಿದೆ. ಎರಡನೇ ಸಾಲಿಗೇ ಕೈ ಎತ್ತಿದರು.

"ಇದು ಆತನ ಮಾತಲ್ಲ. 'ತಕ್ಕದ್ದು' ಅಂತ ಒಂದ ದಿನ ಅಂದಾಂವಲ್ಲ. ಯಾರೋ ಹೇಳಿ ಬರಸ್ಯಾರ. ಮುಂದ ಓದು."

ಆರು ವರ್ಷ ಓದಿದ ಹಾಳೆ. ಆ 'ತಕ್ಕದ್ದು' ನನ್ನ ಕಿವಿಗೆ ಬಿದ್ದಿರಲಿಲ್ಲ.

ಕೊನೆಯ ಸಾಲು ಓದಿದೆ. "ಕೆರಿ ನೀರು ಕಾಯಿಸಿ, ಆರಿಸಿ ಮಕ್ಕಳಿಗಿ ಕುಡಸ್ರಿ. ಮರೀಬ್ಯಾಡ್ರಿ."

"ಇದು ಆತಂದು."

ಬಾಗಿಲ ಕಡೆ ನೋಡುತ್ತ ಮಾತಾಡಿದರು.

"ಆ ವರ್ಷ ಆತನ ಜೋಡಿ ಮಾತು ಬಿಟ್ಟಿದ್ದೆ. ಆತ ಹೇಳಲಿಲ್ಲ, ನಾ ಕೇಳಲಿಲ್ಲ. ಮನಿಗಿ ಬಂದ ಕಾಗದ ಒಲ್ಯಾಗ ಹಾಕಿದೆ. ನಾ ನೀರು ಕಾಯಿಸಲಿಲ್ಲ, ಸಂಘೂ."

ಆ ಸಾಲನ್ನು ನಾನೂ ಬಿಟ್ಟಿದ್ದೆ. ಲೇಖನದಲ್ಲಿ ಅದರ ಜಾಗದಲ್ಲಿ ಮೂರು ಚುಕ್ಕಿ ಇವೆ. ವಾದಕ್ಕೆ ಸಂಬಂಧವಿಲ್ಲ ಎಂದು.

"ಇನ್ನೊಮ್ಮಿ ಓದು."

ಓದಿದೆ.

"ಇನ್ನೊಮ್ಮಿ."

ಕೆರಿ ನೀರು ಕಾಯಿಸಿ, ಆರಿಸಿ—